ಮೆಷಿನ್ ರೂಮಿನ ದೀಪ

೨೦೦೮ನೇ ಇಸವಿ, ಮೇ ಹದಿನಾಲ್ಕು, ಬುಧವಾರ. ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಂಜನಗೂಡಿನ ನಮ್ಮ ಹಳೆಯ ಮನೆಯ ಹಿಂಭಾಗದಲ್ಲಿ, ಮೆಷಿನ್ ರೂಮಿನ ಮುಂದೆ ಐದು ಜನ ಇದ್ದೆವು: ಗುಜರಿ ಅಂಗಡಿಯ ಮುನೀರ್, ಅವನ ಇಬ್ಬರು ಆಳುಗಳು, ನನ್ನ ಮೈದುನ ರಘು ಮತ್ತು ನಾನು. ನಮ್ಮ ಕುಟುಂಬವೆಲ್ಲ ಈಗ ತಿರುಮಕೂಡಲು ನರಸೀಪುರದಲ್ಲಿದೆ. ಈ ಮನೆಯನ್ನು ಬಾಡಿಗೆಗೆ ಕೊಡುವ ಮೊದಲು ಹಳೆಯ ಐಸ್ ಮೆಷಿನ್ ತೆಗೆಸಬೇಕಿತ್ತು. ನಾನು ಹಿಂದಿನ ದಿನವೇ ಬಂದು ಮನೆ ಗುಡಿಸಿ, ನೀರು ಹಿಡಿದಿಟ್ಟು, ಸುಣ್ಣ ನೆನೆಹಾಕಿದ್ದೆ. ನಮ್ಮವರಿಗೆ ಮೊಣಕಾಲು ನೋವು, ಬರಲಿಲ್ಲ. ರಘು ಒಬ್ಬನೇ ಬೆಳಗಿನ ಬಸ್ಸಿಗೆ ಬಂದ. ಅವನಿಗೆ ಕಣ್ಣು ಕಾಣುವುದಿಲ್ಲ. ಎಡಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಆದರೂ ಕಂಡಕ್ಟರುಗಳೆಲ್ಲ ಅವನಿಗೆ ಗೊತ್ತು, ಅವನೂ ಎಲ್ಲರಿಗೂ ಗೊತ್ತು.

ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲು. ಮುನೀರನ ಆಳುಗಳು ಒಳಗೆ ಹೋಗಿ ಗೋಡೆಯ ಪೈಪಿಗೆ ಪಾನಾ ಹಾಕಿ ತಿರುಗಿಸಿದರು. ಜಾಯಿಂಟ್ ಸಡಿಲವಾದದ್ದೇ ತಡ, ಹೊಸಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ರಘು ಎದ್ದು ನಿಂತ.

"ನಿಲ್ಸಿ! ಎಲ್ಲಾ ಆಚೆ ಬನ್ನಿ."

"ಖಾಲಿ ಪೈಪು ಅಣ್ಣಾ ಅದು. ಏನಿದೆ ಅದ್ರಲ್ಲಿ, ಬರೀ ತುಕ್ಕು" ಎಂದ ಮುನೀರ್.

"ಖಾಲಿ ಅಲ್ಲ. ಗ್ಯಾಸು ಎಣ್ಣೇಲಿ ಕೂತಿದೆ. ಅರ್ಧ ಗಂಟೆ ಯಾರೂ ಒಳಗೆ ಕಾಲಿಡಬೇಡಿ."

ಅಷ್ಟರಲ್ಲಿ ನನಗೂ ಬಂತು. ಸೂಜಿಯಂತೆ ಮೂಗಿನ ಮೇಲ್ಭಾಗಕ್ಕೆ ಏರುವ ಅಮೋನಿಯಾ ವಾಸನೆ. ಬಹಳ ಇರಲಿಲ್ಲ, ಒಂದು ಎಳೆಯಷ್ಟು. ಆಳುಗಳು ಕೆಮ್ಮುತ್ತ ಹೊರಬಂದು ನುಗ್ಗೆ ಮರದ ಕೆಳಗೆ ಬೀಡಿ ಹಚ್ಚಿದರು. ಮುನೀರ್ ಚಹಾ ತರಲು ಹೋದ. ನಾನು ಕಲ್ಲಿನ ಮೇಲೆ ಕೂತೆ. ರಘು ಮುಖವನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಕೇಳಿದ:

"ಅತ್ತಿಗೆ, ಆವತ್ತು ನೀವು ಹಿತ್ತಲಿಂದ 'ರಘೂ' ಅಂತ ಕೂಗಿದಿರಿ. ಪೈಪು ಒಡೆಯೋಕೆ ಮುಂಚೆನೇ ಕೂಗಿದಿರಿ. ಯಾಕೆ ಕೂಗಿದಿರಿ?"

ಹನ್ನೆರಡು ವರ್ಷದಲ್ಲಿ ಅವನು ಈ ಪ್ರಶ್ನೆ ಕೇಳಿರಲಿಲ್ಲ. ಕೇಳುತ್ತಾನೆಂದು ಮೊದಲ ವರ್ಷ ದಿನವೂ ಕಾದಿದ್ದೆ. ಆಮೇಲೆ ಕಾಯುವುದನ್ನು ಬಿಟ್ಟೆ. ಉತ್ತರ ಮೂರು ವಾಕ್ಯದ್ದು. ಆದರೆ ಆ ಉತ್ತರ ನನ್ನೊಬ್ಬಳದಲ್ಲ. ಮಾವನವರದು, ಅತ್ತೆಯವರದು ಕೂಡ. ಮಾವ ಹೋಗಿ ಏಳು ವರ್ಷ, ಅತ್ತೆ ಹೋಗಿ ಎರಡು ವರ್ಷ. ಅರ್ಧ ಗಂಟೆ ಇತ್ತು. ನಾನು ತೊಂಬತ್ತಾರರ ಬೇಸಿಗೆಯನ್ನು ಮನಸ್ಸಿನಲ್ಲಿ ಮೊದಲಿನಿಂದ ಜೋಡಿಸತೊಡಗಿದೆ.

ನಾನು ಸ್ಟೇಷನ್ ಮಾಸ್ಟರ್ ಮಗಳು. ನಮ್ಮ ಮನೆಯಲ್ಲಿ ಊಟ, ಸ್ನಾನ, ಪಾಠ ಎಲ್ಲವೂ ರೈಲಿನ ವೇಳೆಗೆ ನಡೆಯುತ್ತಿದ್ದವು. ಹಾಗೆ ಬೆಳೆದವಳಿಗೆ ಐಸ್ ಕ್ರೀಂ ಮಾಡುವ ಮನೆ ಕಷ್ಟವೆನಿಸಲಿಲ್ಲ. ನಾಲ್ಕೂವರೆಗೆ ತಾಂಡವಪುರದ ಹಾಲು ಬರಬೇಕು. ನಾಲ್ಕು ಮುಕ್ಕಾಲಿಗೆ ಒಲೆಯ ಮೇಲೆ ಹಂಡೆ. ಹಾಲು ಕುದಿದು ಮೂರನೆಯ ಒಂದು ಭಾಗ ಇಂಗುವವರೆಗೆ ನಾನು ಕೈ ಬಿಡದೆ ತಿರುಗಿಸಬೇಕು. ತಳ ಹಿಡಿದರೆ ಆ ದಿನದ ಮಾಲೆಲ್ಲ ಹಾಳು. ಐದೂವರೆಗೆ ಮೆಷಿನ್. ಹನ್ನೊಂದಕ್ಕೆ ಡಬ್ಬಗಳು ಹೊಟ್ಟಿನ ಪೆಟ್ಟಿಗೆಯಲ್ಲಿ ಕೂತು ನರಸೀಪುರದ ಕಡೆಗೆ ಹೊರಡಬೇಕು.

ಅಂಗಡಿ ಎರಡು. ನಂಜನಗೂಡಿನದು ಮನೆಯ ಮುಂಭಾಗದಲ್ಲೇ, ಅತ್ತೆಯ ಹೆಸರಿನಲ್ಲಿ. ನರಸೀಪುರದ್ದು ಆಗ ಹೊಸದು, ಬಸ್ ಸ್ಟ್ಯಾಂಡಿನ ಹತ್ತಿರ. ಆರು ಮೇಜು, ಗೋಡೆಯುದ್ದ ಕನ್ನಡಿ. ವಾರದ ದಿನಗಳಲ್ಲಿ ನಮ್ಮವರು ಅಲ್ಲಿರುತ್ತಿದ್ದರು. ಸಂಗಮದಲ್ಲಿ ಅಸ್ಥಿ ಬಿಟ್ಟು ಬಂದವರು ಬಸ್ಸಿಗೆ ಕಾಯುವಾಗ ನಮ್ಮ ಅಂಗಡಿಗೆ ಬರುತ್ತಿದ್ದರು. ದೊಡ್ಡವರು ಬರೀ ನೀರು ಕುಡಿದು ಕೂರುವರು. ಮಕ್ಕಳಿಗೆ ಮಾತ್ರ ಒಂದೊಂದು ಕಪ್ ಕೊಡಿಸುವರು. ಬೋಳಿಸಿದ ತಲೆಯ ಗಂಡಸರು ಕನ್ನಡಿಯ ಕಡೆ ನೋಡದೆ ಕೂರುವುದನ್ನು ಗಮನಿಸಿ ನಮ್ಮವರು ಒಂದು ಕಡೆಯ ಕನ್ನಡಿಗೆ ಪರದೆ ಹಾಕಿಸಿದ್ದರು. ಆ ಅಂಗಡಿ ರಘುವಿಗೆಂದೇ ಮಾಡಿಸಿದ್ದು. ಅವನಿಗೆ ಆಗ ಇಪ್ಪತ್ತೇಳು. ಮೂಗೂರಿನ ಹುಡುಗಿ ಗೊತ್ತಾಗಿತ್ತು. ಜ್ಯೇಷ್ಠ ಮಾಸದಲ್ಲಿ ಮದುವೆ, ಮದುವೆಯಾದ ಮೇಲೆ ಅವನು ನರಸೀಪುರಕ್ಕೆ, ನಮ್ಮವರು ಇಲ್ಲಿಗೆ. ಎಲ್ಲವೂ ನಿಶ್ಚಯವಾಗಿತ್ತು.

ನಮ್ಮ ವ್ಯಾಪಾರ ನಿಂತಿದ್ದು ಮಾವನವರ ಮೂಗಿನ ಮೇಲೆ ಎಂದರೆ ಅತಿಶಯವಲ್ಲ. ರಸಬಾಳೆಯ ಐಸ್ ಕ್ರೀಮಿಗೆ ಜನ ಮೈಸೂರಿನಿಂದ ಬರುತ್ತಿದ್ದರು. ರಸಬಾಳೆ ಒಂದು ದಿನ ಮುಂಚೆ ಸಪ್ಪೆ, ಒಂದು ದಿನ ತಡವಾದರೆ ಹುಳಿ. ಯಾವ ಗೊನೆ ಯಾವ ದಿನಕ್ಕೆ ಎಂದು ಮಾವ ತೊಟ್ಟಿನ ಹತ್ತಿರ ಮೂಗಿಟ್ಟು ಹೇಳುತ್ತಿದ್ದರು. ಅದಕ್ಕಿಂತ ದೊಡ್ಡದು ಮೆಷಿನ್ ರೂಮಿನ ವಿಷಯ. ನಮ್ಮದು ಹಳೆಯ ಅಮೋನಿಯಾ ಯಂತ್ರ. ಅಮೋನಿಯಾ ಪೈಪಿನೊಳಗೆ ಓಡುತ್ತಿದ್ದರೆ ಹಾಲನ್ನು ಕಲ್ಲು ಮಾಡುತ್ತದೆ, ಹೊರಗೆ ಬಂದರೆ ಕಣ್ಣು ಶ್ವಾಸಕೋಶ ಸುಡುತ್ತದೆ. ರಾತ್ರಿ ಯಾವುದಾದರೂ ಜಾಯಿಂಟ್ ಸ್ವಲ್ಪ ಸೋರಿದ್ದರೆ, ಬೆಳಗ್ಗೆ ಅದನ್ನು ತಿಳಿಯದೆ ಯಂತ್ರ ಹಾಕಿದರೆ, ಒತ್ತಡಕ್ಕೆ ಅದೇ ಜಾಯಿಂಟ್ ಹಾರಿಹೋಗಬಹುದು. ಒಳಗೇ ಕೆಲಸ ಮಾಡುವ ರಘುವಿಗೆ ಆ ವಾಸನೆ ಅಭ್ಯಾಸವಾಗಿತ್ತು; ಸ್ವಲ್ಪ ಹೆಚ್ಚು ಕಡಿಮೆ ಅವನಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಪ್ರತಿದಿನ ಐದೂವರೆಗೆ ಮಾವ ಸ್ನಾನ ಮುಗಿಸಿ, ಬಾಗಿಲು ತೆಗೆದು, ಹೊಸಿಲ ಮೇಲೆ ನಿಂತು ಮೂರು ಸಲ ಉಸಿರೆಳೆದು "ಶುದ್ಧ" ಎನ್ನುತ್ತಿದ್ದರು. ಆ ಮಾತು ಬಿದ್ದ ಮೇಲೆಯೇ ರಘು ಒಳಗೆ ಹೋಗಿ ಸ್ವಿಚ್ ಹಾಕುವುದು. ರಘು ಕೆಲಸಕ್ಕೆ ಬರುವುದಕ್ಕೂ ಮುಂಚಿನಿಂದ, ಇಪ್ಪತ್ತೈದು ವರ್ಷ ಮಾವನ ಈ ಪರೀಕ್ಷೆ ನಡೆದಿತ್ತು.

ಏಪ್ರಿಲ್ ಮೊದಲ ವಾರ. ಬಾಳೆ ತರುವ ಸಿದ್ದೇಗೌಡ ಗಾಡಿ ತಂದು ನಿಲ್ಲಿಸಿದ. ನಮಗೆಂದು ಇಳಿಸಿದ ಗೊನೆ ಕೆಳಗಿತ್ತು, ಇನ್ನೊಂದು ಗಾಡಿಯಲ್ಲೇ ಇತ್ತು. ಮಾವ ಗಾಡಿಯ ಗೊನೆಗೆ ಮೂಗಿಟ್ಟು, ಕಣ್ಣು ಮುಚ್ಚಿ, "ಘಮ್ ಅಂತಿದೆ ಕಣಯ್ಯ. ಇದೇ ಇರಲಿ" ಎಂದರು.

ಸಿದ್ದೇಗೌಡ ಬಾಯಿ ಬಿಟ್ಟುಕೊಂಡು ನೋಡಿದ. "ಏನ್ ಬುದ್ದೀ ತಮಾಸೆ ಮಾಡೀರಿ? ಅದು ಕೊಳ್ತೋಗದೆ. ದನಕ್ ಆಕವ ಅಂತ ಮಡಿಕಂಡಿವ್ನಿ. ಎಂಡದ್ ವಾಸ್ನೆ ಒಡೀತಾ ಅದೆ, ನಂಗೇ ತಲೆ ತಿರುಗ್ತದೆ!"

ರಘು ಜೋರಾಗಿ ನಕ್ಕ. "ನಮ್ಮಪ್ಪ ನಿಮ್ಮನ್ನ ಪರೀಕ್ಷೆ ಮಾಡ್ತಿದಾರೆ ಗೌಡ್ರೆ. ಕೊಳೆತದ್ದು ದಾಟಿಸ್ತೀರೇನೋ ಅಂತ."

"ನಾನ್ಯಾಕ್ ದಾಟ್ಸಾನೆ? ಸ್ವಾಮ್ಯೋರ ಮೂಗ್ನ ಮೋಸ ಮಾಡಾಕಾದದಾ?" ಎಂದು ಸಿದ್ದೇಗೌಡನೂ ನಕ್ಕ. ಮಾವನೂ "ಹೂಂ ಮತ್ತೆ" ಎಂದು ನಕ್ಕರು. ಆದರೆ ಆ ಗೊನೆಯ ವಾಸನೆ ನಾನು ನಿಂತಿದ್ದ ಅಡುಗೆಮನೆಯ ಬಾಗಿಲವರೆಗೂ ಬರುತ್ತಿತ್ತು. ಅವರು ನಗುತ್ತಲೇ ಹೆಗಲ ಮೇಲಿನ ವಸ್ತ್ರದಿಂದ ಮೂಗನ್ನು ಒತ್ತಿ ಒರೆಸಿಕೊಂಡರು, ಕನ್ನಡಕ ಮಸುಕಾದರೆ ಒರೆಸಿಕೊಳ್ಳುವ ಹಾಗೆ.

ಮಧ್ಯಾಹ್ನ ಎರಡಕ್ಕೆ ಅವರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಕಾಫಿಗೆ ಪ್ರಾಣ ಬಿಡುವ ಮನುಷ್ಯ. ಆಗತಾನೆ ಬೀಸಿದ ಕಾಫಿಪುಡಿಯ ಡಬ್ಬಿಯ ಮುಚ್ಚಳ ತೆಗೆದು ಅವರ ಹಿಂದೆ ನಿಂತೆ. ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಕಳೆಯಿತು. ಅವರು ತಿರುಗಲಿಲ್ಲ.

"ಮಾವ, ಯಾವಾಗಿನಿಂದ?" ಎಂದೆ.

ಅವರು ತಿರುಗಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಯುಗಾದಿಗೆ ಮುಂಚೆ ಜ್ವರ ಬಂತಲ್ಲಮ್ಮ, ಅವಾಗಿನಿಂದ. ಯಾರಿಗೂ ಹೇಳಬೇಡ."

"ಮೆಷಿನ್ ರೂಮು?"

"ಅದೇ ನನಗೂ ಹೆದರಿಕೆ."

ಗಂಧಕದ ಕಡ್ಡಿ ಹಚ್ಚಿ ಪೈಪಿನ ಹತ್ತಿರ ಹಿಡಿದರೆ, ಸೋರುವ ಕಡೆ ಬಿಳಿಯ ಹೊಗೆ ಏಳುತ್ತದೆ. ಮೈಸೂರಿನ ಮೆಕ್ಯಾನಿಕ್ ಹಾಗೆಯೇ ನೋಡುತ್ತಿದ್ದ. ನಾವೂ ಹಾಗೆ ಮಾಡಬಹುದಲ್ಲ ಎಂದೆ.

"ಇಷ್ಟು ವರ್ಷ ಮೂಗಲ್ಲಿ ನೋಡಿದವನು ಈಗ ಕಡ್ಡಿ ಹಿಡಿದರೆ ರಘು ಸುಮ್ಮನಿರ್ತಾನಾ? ಯಾಕಪ್ಪಾ ಅಂತಾನೆ. ಅವನ ಬಾಯಿಂದ ಗೌಡನಿಗೆ, ಗೌಡನ ಬಾಯಿಂದ ಊರಿಗೆ. ಮುದುಕನಿಗೆ ಏನೋ ಆಗಿದೆ ಅಂತ ಬೀಗರಿಗೂ ಮುಟ್ಟುತ್ತೆ. ಜ್ಯೇಷ್ಠದವರೆಗೆ ತಡಿ ಲಲಿತಾ. ಅವನ ಮದುವೆ ಆಗಿಬಿಡಲಿ, ಈ ಅಮೋನಿಯಾನೇ ಕೀಳಿಸಿ ಹಾಕ್ತೀನಿ. ಎರಡು ತಿಂಗಳು ಅಷ್ಟೇ."

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ವ್ಯವಸ್ಥೆಯನ್ನೂ ನಾನೇ ಯೋಚಿಸಿದೆ. ಮೆಷಿನ್ ರೂಮಿನ ಬಾಗಿಲ ಪಕ್ಕ, ಹೊರಗೋಡೆಯಲ್ಲಿ ಒಂದು ಗೂಡು ಇತ್ತು. ಬೆಳಗ್ಗೆ ಐದು ಇಪ್ಪತ್ತಕ್ಕೆ ಗುಡಿಸುವ ನೆಪದಲ್ಲಿ ನಾನು ಒಳಗೆ ಹೋಗಿ, ಪೈಪಿನುದ್ದಕ್ಕೂ ನಡೆದು ವಾಸನೆ ನೋಡುವುದು. ಏನೂ ಇಲ್ಲದಿದ್ದರೆ ಐದು ಇಪ್ಪತ್ತೈದಕ್ಕೆ ಗೂಡಿನಲ್ಲಿ ಹಿತ್ತಾಳೆಯ ದೀಪ ಹಚ್ಚುವುದು. ದೀಪ ಉರಿಯುತ್ತಿದ್ದರೆ ಮಾವ ಎಂದಿನಂತೆ ಉಸಿರೆಳೆದು "ಶುದ್ಧ" ಎನ್ನುವುದು. ದೀಪ ಇಲ್ಲದಿದ್ದರೆ, ಇವತ್ತು ಯಾಕೋ ಸರಿಯಿಲ್ಲ, ಮೆಕ್ಯಾನಿಕ್ ಬರಲಿ ಎನ್ನುವುದು. ಮನೆಯವರಿಗೆ ಇದು ಸೊಸೆ ಹೊಸದಾಗಿ ಹಿಡಿದ ಭಕ್ತಿಯಂತೆ ಕಾಣುತ್ತದೆ. ಮಾವನವರ ಮರ್ಯಾದೆ ಉಳಿಯುತ್ತದೆ. ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯೇ ಆಯಿತು.

ರಘು ತಮಾಷೆ ಮಾಡಿದ. "ಅತ್ತಿಗೆ, ಮೆಷಿನ್ನಿಗೂ ದೀಪವಾ? ನಾಳೆ ನೈವೇದ್ಯಕ್ಕೂ ಇಡಿ. ವೆನಿಲ್ಲಾ ಬೇಡ, ಅದಕ್ಕೆ ದಿನಾ ತಿಂದು ಬೇಜಾರಾಗಿದೆ."

ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು. "ಬೆಂಕಿ, ಗಾಳಿ ಜೊತೆ ಕೆಲಸ ಮಾಡೋ ಜಾಗ. ನನಗೇ ಹೊಳೆದಿರಲಿಲ್ಲ ನೋಡು" ಎಂದು ತಮ್ಮ ತವರಿನ ದೀಪವನ್ನೇ ಕೊಟ್ಟರು.

ನಮ್ಮ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದೆವು. ಒಲೆ, ದೇವರು, ಮೆಷಿನ್ ರೂಮು ಯಾವುದನ್ನೂ ಮುಟ್ಟುವ ಹಾಗಿಲ್ಲ. ಹಿತ್ತಲ ಬಾವಿಯ ಪಕ್ಕದ ಕೋಣೆಯಲ್ಲಿ ಇರಬೇಕು. ಏಪ್ರಿಲ್ ಕೊನೆಯಲ್ಲಿ ಆ ದಿನಗಳು ಬಂದಾಗ ಅತ್ತೆ ಬದನವಾಳಿನ ತಂಗಿಯ ಮನೆಗೆ ಹೋಗಿದ್ದರು. ಗೂಡಿನಲ್ಲಿ ದೀಪ ಹಚ್ಚುವವರು ಯಾರೂ ಇರಲಿಲ್ಲ. ದೀಪವಿಲ್ಲದ್ದನ್ನು ನೋಡಿ ಮಾವ, ಕೋಣೆ ಗಾಳಿಯಾಡಲಿ ಎಂದು ನೆಪ ಹೇಳಿ, ಮೆಕ್ಯಾನಿಕ್ಕನ್ನು ಕರೆಸಿ ತೋರಿಸಿ, ಮೂರೂ ದಿನ ಯಂತ್ರವನ್ನು ತಡವಾಗಿ ಹಾಕಿಸಿದರು. ವ್ಯವಸ್ಥೆ ಗೆದ್ದಿತು. ನಾನಿಲ್ಲದಿದ್ದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ಯಂತ್ರವಿಲ್ಲ. ಇಷ್ಟು ಸಾಕು ಎಂದುಕೊಂಡೆವು. ನನ್ನ ತಂದೆ ಸ್ಟೇಷನ್ನಿನಲ್ಲಿ ಹೊಸಬರಿಗೆ ಹೇಳುತ್ತಿದ್ದ ಮಾತು ನನಗೆ ಚಿಕ್ಕಂದಿನಿಂದ ಬಾಯಿಪಾಠ: ಸಿಗ್ನಲ್ ದೀಪ ಇಬ್ಬರ ಕೈಗೆ ಹೋಗಬಾರದು, ಹೋದರೆ ಅದು ಬರೀ ದೀಪ. ಆ ಮಾತು ಆಗ ನೆನಪಿಗೆ ಬರಲಿಲ್ಲ.

ಮೇ ಇಪ್ಪತ್ತೆರಡು, ಬುಧವಾರ. ಮದುವೆಗೆ ಮೂರು ವಾರ ಇತ್ತು. ರಾತ್ರಿ ಮಳೆ ಬಿದ್ದು ಬೆಳಗ್ಗೆ ಗಾಳಿಯೇ ಇರಲಿಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ, ಲೆಕ್ಕಕ್ಕಿಂತ ಐದು ದಿನ ಮುಂಚೆ, ಹಾಲು ತಿರುಗಿಸುತ್ತಿದ್ದಾಗಲೇ ನಾನು ಹೊರಗಾದೆ. ಸೌಟನ್ನು ಅಲ್ಲೇ ಬಿಟ್ಟು, ಬಾಗಿಲಾಚೆಯಿಂದ ಅತ್ತೆಗೆ ಹೇಳಿದೆ.

"ಸರಿ ಹೋಗಮ್ಮ. ಹಾಲು ನಾನು ನೋಡ್ಕೋತೀನಿ" ಎಂದರು.

ಮಾವ ಸ್ನಾನಕ್ಕೆ ಹೋಗಿದ್ದರು. ಅವರಿಗೆ ಹೇಳಿ ಕಳಿಸಬೇಕೆ ಎಂದು ಒಂದು ಕ್ಷಣ ಯೋಚಿಸಿದೆ. ಬೇಡವೆನಿಸಿತು. ದೀಪ ಇರುವುದಿಲ್ಲ, ಅವರೇ ತಿಳಿದುಕೊಳ್ಳುತ್ತಾರೆ. ಬಾವಿಗೆ ಹೋಗಿ ಕೊಡ ಇಳಿಬಿಟ್ಟೆ. ಮೆಷಿನ್ ರೂಮಿನ ಹಿಂದಿನ ಗವಾಕ್ಷಿ ಬಾವಿಯ ಕಡೆಗಿದೆ. ಹಗ್ಗ ಎಳೆಯುತ್ತಿದ್ದಾಗ ವಾಸನೆ ಬಂತು. ತೆಳ್ಳಗೆ, ಆದರೆ ಸಂಶಯವೇ ಇಲ್ಲ. ಗವಾಕ್ಷಿಯ ಕೆಳಗೇ ಹಾದುಹೋಗುವ ಪೈಪು ಸೋರುತ್ತಿತ್ತು. ನಾನು ಗಾಬರಿಯಾಗಲಿಲ್ಲ. ಸದ್ಯ, ದೀಪ ಹಚ್ಚಿಲ್ಲ ಎಂದುಕೊಂಡೆ. ಕೊಡವನ್ನು ಪೂರ್ತಿ ಮೇಲಕ್ಕೆ ಎಳೆದು ಕಟ್ಟೆಯ ಮೇಲಿಟ್ಟು ಹಗ್ಗ ಸುತ್ತಿದೆ. ಅವಸರವಿಲ್ಲದೆ ಸುತ್ತಿದೆ. ಅಷ್ಟು ಹೊತ್ತು ನನಗಿತ್ತು.

ಆಗ ಗೋಡೆಯಾಚೆ ಮಾವನ ಧ್ವನಿ ಕೇಳಿತು: "ಶುದ್ಧ."

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾನು ಹೊರಗಾದೆನೆಂದು ಕೇಳಿದ ಅತ್ತೆ, ಶುರು ಮಾಡಿದ ದೀಪ ಒಂದು ದಿನವೂ ನಿಲ್ಲಬಾರದೆಂದು, ಹಾಲಿನ ಒಲೆ ಸಣ್ಣ ಮಾಡಿ ಓಡಿಬಂದು, ಸರಿಯಾಗಿ ಐದು ಇಪ್ಪತ್ತೈದಕ್ಕೆ ಗೂಡಿನಲ್ಲಿ ದೀಪ ಹಚ್ಚಿದ್ದರು.

"ರಘೂ!" ಎಂದು ಕೂಗಿದೆ. ಅಷ್ಟರಲ್ಲಿ ಸ್ವಿಚ್ಚು ಬಿದ್ದಿತ್ತು. ಬೆಲ್ಟಿನ ಸದ್ದು ಏರುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದವನು ನನ್ನ ಕೂಗು ಕೇಳಿ, ಏನೋ ಬೇಕೆಂದು ತಿಳಿದು, ಕೋಣೆ ದಾಟಿ ಗವಾಕ್ಷಿಗೇ ಬಂದು ಮುಖ ಎತ್ತಿದ. "ಏನತ್ತಿಗೆ?" ಎಂದ. ಸರಳುಗಳ ನಡುವೆ ಅವನ ಮುಖ ನನಗೆ ಕಂಡಿತು. ಅವನ ಕಣ್ಣು ನನ್ನನ್ನು ಕಂಡದ್ದು ಅದೇ ಕಡೆಯ ಸಲ. ಪೈಪಿನ ಜಾಯಿಂಟ್ ಹಾರಿತು.

ಸೇದಿಟ್ಟ ಕೊಡ ಹೊತ್ತುಕೊಂಡು ಓಡಿದೆ. ಮುಟ್ಟು ಮೈಲಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಮಾವ ಅವನನ್ನು ಕಾಲು ಹಿಡಿದು ಹೊಸಿಲಾಚೆ ಎಳೆದಿದ್ದರು. ಅವನ ಮುಖಕ್ಕೆ ನೀರು ಸುರಿದೆ. ಇನ್ನೊಂದು ಕೊಡ, ಮತ್ತೊಂದು. ಎಡಗಣ್ಣಿನಲ್ಲಿ ಬೆಳಕು ಉಳಿದದ್ದು ಆ ನೀರಿನಿಂದ ಎಂದು ಮೈಸೂರಿನ ಡಾಕ್ಟರು ಹೇಳಿದರು. ಹೊಗಳಿಕೆಯಾಗಿಯೇ ಹೇಳಿದರು.

ಆಸ್ಪತ್ರೆಯ ವರಾಂಡದಲ್ಲಿ ಮಾವ ಕೆಮ್ಮುತ್ತ ನನ್ನ ಪಕ್ಕ ಬಂದು ನಿಂತರು. "ದೀಪ ಯಾರು ಹಚ್ಚಿದ್ದು ಅಂತ ಈಗ ಗೊತ್ತಾಯ್ತು" ಎಂದರು. "ಅವಳಿಗೆ ತಿಳಿದರೆ ಅವಳು ಬದುಕಲ್ಲ ಲಲಿತಾ. ನನಗೆ ಶೀತ ಆಗಿತ್ತು, ಮೂಗು ಕಟ್ಟಿತ್ತು ಅಂತ ಹೇಳ್ತೀನಿ. ನೀನೂ ಹಾಗೇ ಹೇಳು" ಎಂದರು. ಹಾಗೆಯೇ ಹೇಳಿದೆವು. ಮೂಗೂರಿನವರು ಒಂದು ಸಲ ಹಣ್ಣು ತಂದು ನೋಡಿ ಹೋದರು. ಎರಡನೆಯ ಸಲ ಕಾಗದ ಮಾತ್ರ ಬಂತು. ಅಮೋನಿಯಾ ನಿಂತಿತು, ಹೊಸ ಮಾದರಿಯ ಸಣ್ಣ ಯಂತ್ರ ಮುಂದಿನ ಕೋಣೆಗೆ ಬಂತು. ಮೆಷಿನ್ ರೂಮಿಗೆ ಬೀಗ ಬಿತ್ತು.

ದೀಪ ಮಾತ್ರ ನಿಲ್ಲಲಿಲ್ಲ. 'ಮಗನ ಕಣ್ಣು ಹೋದ ಜಾಗ' ಎಂದು ಅತ್ತೆ ಪ್ರತಿದಿನ ಬೆಳಗ್ಗೆ ಅದೇ ಗೂಡಿನಲ್ಲಿ, ಅದೇ ಹೊತ್ತಿಗೆ, ಅವನ ಕಣ್ಣಿಗಾಗಿ ದೀಪ ಹಚ್ಚಿದರು. ಹತ್ತು ವರ್ಷ. ಎಣ್ಣೆ ಬತ್ತಿ ನಾನೇ ತೆಗೆದುಕೊಡಬೇಕಿತ್ತು. ಮಾವ ಐದೂಕಾಲಿಗೇ ಕೋಲು ಹಿಡಿದು ಹೊಳೆಯ ಕಡೆ ಹೊರಟುಬಿಡುತ್ತಿದ್ದರು. ಗೂಡಿನ ಮುಂದೆ ಅವರು ಮತ್ತೆ ಹಾದುಹೋದದ್ದನ್ನು ನಾನು ನೋಡಲಿಲ್ಲ. ಸಾಯುವವರೆಗೂ 'ಶುದ್ಧ' ಎಂಬ ಪದವನ್ನು ಅವರ ಬಾಯಲ್ಲಿ ಕೇಳಲಿಲ್ಲ, ಸಂಕಲ್ಪದಲ್ಲಿಯೂ ಸಹ.

ರಘು ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಏಳನೆಯ ತಿಂಗಳು ನರಸೀಪುರಕ್ಕೆ ಹೋಗುತ್ತೇನೆಂದ. ಕೋನಿನ ಅಂಚಿನ ಮೇಲೆ ಹೆಬ್ಬೆರಳಿಟ್ಟು, ಐಸ್ ಕ್ರೀಂ ಬೆರಳಿಗೆ ತಣ್ಣಗೆ ತಾಗಿದಾಗ ಕೈ ನಿಲ್ಲಿಸುವುದನ್ನು ಕಲಿತ. ಯಾವ ಡಬ್ಬದಲ್ಲಿ ಯಾವುದೆಂದು ಮೂಗಿನಿಂದಲೇ ಹೇಳುತ್ತಿದ್ದ. ಸಂಗಮದಿಂದ ಬಂದವರ ಒದ್ದೆ ಬಟ್ಟೆಯ ವಾಸನೆ ಹಿಡಿದು, ಕೇಳುವ ಮೊದಲೇ ಅವರ ಮೇಜಿಗೆ ನೀರು ಕಳಿಸುತ್ತಿದ್ದ. ಆಮೇಲೆ ರಸಬಾಳೆ ತೋಟಗಳು ರೋಗಕ್ಕೆ ಹೋದವು. ಕಂಪನಿಗಳ ಡಬ್ಬಗಳು ಪ್ರತಿ ಬೇಕರಿಗೂ ಬಂದವು. ನಂಜನಗೂಡಿನ ಅಂಗಡಿ ಅತ್ತೆ ತೀರಿಕೊಂಡ ವರ್ಷ ಮುಚ್ಚಿತು. ನರಸೀಪುರದಲ್ಲಿ ಈಗ ನಾವೂ ಬೇರೆಯವರು ಮಾಡಿದ್ದನ್ನೇ ಮಾರುತ್ತೇವೆ.

ಮುನೀರ್ ಚಹಾ ತಂದುಕೊಟ್ಟು ಆಳುಗಳ ಕಡೆ ಹೋದ. ಒಂಬತ್ತು ಗಂಟೆ ಮೂವತ್ತೆರಡು ನಿಮಿಷ. ನಾನು ರಘುವಿಗೆ ಹೇಳಿದೆ. ಬಾಳೆಗೊನೆಯಿಂದ ಶುರು ಮಾಡಿ, ಹಗ್ಗ ಸುತ್ತಿದ್ದರವರೆಗೆ, ಒಂದನ್ನೂ ಬಿಡದೆ ಕ್ರಮವಾಗಿ ಹೇಳಿದೆ. ಅವನು ಚಹಾ ಕುಡಿಯಲಿಲ್ಲ, ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಕಡೇವರೆಗೂ?"

"ಕಡೇವರೆಗೂ."

ಅವನು ಲೋಟವನ್ನು ಕೆಳಗಿಟ್ಟ. "ಹನ್ನೆರಡು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ ಅತ್ತಿಗೆ? ನೀವು ಕೂಗದೇ ಇದ್ದಿದ್ರೆ ನಾನು ಬಾಗಿಲ ಹತ್ತಿರಾನೇ ಇರ್ತಿದ್ದೆ. ಬೆನ್ನಿಗೆ ಬೀಳ್ತಿತ್ತು ಅಷ್ಟೇ. ಅತ್ತಿಗೆ ನೀರೋ ಬಟ್ಟೆಯೋ ಏನೋ ಕೇಳೋಕೆ ಕೂಗಿದ್ರು, ಅದಕ್ಕೆ ನನ್ನ ಕಣ್ಣು ಹೋಯ್ತು ಅಂತ. ಅದಕ್ಕೇ ಕೇಳ್ಲಿಲ್ಲ. ಕೇಳಿದ್ರೆ ನೀವು ನೊಂದ್ಕೋತೀರಿ ಅಂತ." ಒಂದು ಸಲ ನಕ್ಕಂತೆ ಮಾಡಿದ. "ನಿಮ್ಮೊಬ್ಬರ ಮೇಲೆ ಇತ್ತು. ಒಬ್ಬರನ್ನ ಕ್ಷಮಿಸೋದು ಸುಲಭ. ಈಗ ಅಪ್ಪ, ಅಮ್ಮ, ಎಲ್ಲಾ ಬಂದ್ರು. ಹೇಳದೇ ಇದ್ದಿದ್ರೇ ಚೆನ್ನಾಗಿತ್ತು."

ಅವನು ಎದ್ದು, ಗೋಡೆ ಹಿಡಿದು ಹೊಸಿಲವರೆಗೆ ಹೋಗಿ, ಅಲ್ಲಿ ನಿಂತು ಮೂರು ಸಲ ಉಸಿರೆಳೆದ. ಅವರಪ್ಪ ನಿಲ್ಲುತ್ತಿದ್ದ ಹಾಗೆಯೇ ಬಲಗೈ ಚೌಕಟ್ಟಿನ ಮೇಲಿತ್ತು.

"ಈಗ ಹೋಗಬಹುದು ಮುನೀರಣ್ಣ. ಮೊದಲು ಗವಾಕ್ಷಿ ತೆಗೀರಿ."

ಮೂರು ಗಂಟೆಯ ಹೊತ್ತಿಗೆ ಯಂತ್ರ ತುಂಡು ತುಂಡಾಗಿ ಲಾರಿ ಸೇರಿತು. ಕೊನೆಗೆ ಮುನೀರ್ ಗೂಡಿನಿಂದ ದೀಪ ತೆಗೆದು ತಂದ. "ಇದು ಅಮ್ಮಾ?"

ರಘು ಕೈ ಚಾಚಿದ. ದೀಪವನ್ನು ತೆಗೆದುಕೊಂಡು ಒಳಗೆ ಬೆರಳಾಡಿಸಿದ. ಒಣಗಿದ ಎಣ್ಣೆ ಅಂಟಂಟಾಗಿತ್ತು. "ತೂಕಕ್ಕೆ ಹಾಕಿ" ಎಂದ.

"ದೀಪ ಅಲ್ವಾ ಅಣ್ಣಾ ಅದು. ನಿಮ್ಮ ತಾಯಿ ಹಚ್ತಾ ಇದ್ದಿದ್ದು. ನಾನು ಬೆಳಗ್ಗೆ ಹಿಂದಿನ ಓಣೀಲಿ ಸೈಕಲ್ಲಲ್ಲಿ ಹೋಗೋವಾಗ ನೋಡಿದೀನಿ."

"ಹಿತ್ತಾಳೆ ತಾನೇ?"

"ಹಿತ್ತಾಳೆನೇ. ಆದ್ರೆ ನಾನು ತಗೊಳ್ಳಲ್ಲ ಅಣ್ಣಾ." ಮುನೀರ್ ದೀಪವನ್ನು ರಘುವಿನ ಕೈಯಿಂದ ತೆಗೆದು ಹೊಸಿಲ ಮೇಲಿಟ್ಟು, ಮತ್ತೆ ಮಾತಿಗೆ ನಿಲ್ಲದೆ ಲಾರಿ ಹತ್ತಿದ.

ಕೋಣೆ ಗುಡಿಸಿದೆ. ಎಣ್ಣೆ ಬಿದ್ದ ಕಡೆ ಹೊಟ್ಟು ಹರಡಿ ಮತ್ತೆ ಗುಡಿಸಿದೆ. ದೀಪವನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿ ಮತ್ತೆ ಹೊಸಿಲ ಮೇಲಿಟ್ಟೆ. ಗೂಡಿನ ಮಸಿಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ನೆನೆದಿದ್ದ ಸುಣ್ಣಕ್ಕೆ ಬ್ರಷ್ ಅದ್ದಿದೆ.

"ಏನ್ ಮಾಡ್ತಿದೀರಿ?" ಎಂದ ರಘು ಕುರ್ಚಿಯಿಂದ.

"ಗೂಡಿಗೆ ಸುಣ್ಣ."

"ಎರಡು ಸಲ ಹೊಡೀರಿ. ಒಂದು ಸಲಕ್ಕೆ ಮಸಿ ಹೋಗಲ್ಲ."

ಮೊದಲಿನದು ಆರುವವರೆಗೆ ಕಾದು ಎರಡನೆಯ ಸಲ ಹೊಡೆದೆ. ಕೈ ತೊಳೆದು ಬರುವಷ್ಟರಲ್ಲಿ ಹೊಸಿಲ ಮೇಲೆ ದೀಪ ಇರಲಿಲ್ಲ. ರಘುವಿನ ಕೈಚೀಲ ಅವನ ತೊಡೆಯ ಮೇಲಿತ್ತು, ಅದರ ಬಾಯಿಯನ್ನು ಅವನು ಗಂಟು ಹಾಕುತ್ತಿದ್ದ. ನಾನು ಕೇಳಲಿಲ್ಲ. ಬ್ರಷ್ ತೊಳೆದು ಮೊಳೆಗೆ ನೇತುಹಾಕಿ, ಕೋಣೆಗೆ ಬೀಗ ಹಾಕಿದೆ. ಆಗ ಸಂಜೆ ಐದು ಗಂಟೆ ಇಪ್ಪತ್ತೈದು ನಿಮಿಷ.